ಮನೆಯ ವರ್ಕ್‌ಶಾಪಿನ ಹಳೆಯ ಯಂತ್ರಗಳನ್ನು ಆ್ಯಪ್‌ನಲ್ಲಿ ಮಾರುವುದು: ಕೆಲವು ವರ್ಷಗಳ ಬಳಕೆಯ ನಂತರ

ಹಳೆಯ ಸಾಮಾನು ಮಾರುವ ಆ್ಯಪ್‌ಗಳ ಬಗ್ಗೆ ಬರೆಯುವವರೆಲ್ಲ ಸೋಫಾ, ಮೊಬೈಲ್, ಬೈಕ್ ಮಾರಿದವರು. ಲೇತ್ (ಲೋಹವನ್ನೋ ಮರವನ್ನೋ ತಿರುಗಿಸುತ್ತ ಕೆತ್ತುವ ಯಂತ್ರ), ಬೆಂಚ್ ಡ್ರಿಲ್, ಮರ ಕೊಯ್ಯುವ ಯಂತ್ರ ಮಾರಿದವರ ಅನುಭವ ಸಿಗುವುದು ಅಪರೂಪ. ಬೆಂಗಳೂರಿನ ರಾಜಾಜಿನಗರದ ನಮ್ಮ ಮನೆಯ ಗ್ಯಾರೇಜಿನಲ್ಲಿ ಕೂಡಿಟ್ಟಿದ್ದ ಯಂತ್ರಗಳನ್ನು ಕೆಲವು ವರ್ಷಗಳಿಂದ ಒಂದೊಂದಾಗಿ ಇಂಥದೇ ಒಂದು ಉಚಿತ ಜಾಹೀರಾತು ಆ್ಯಪ್ ಮೂಲಕ ಮಾರುತ್ತ ಬಂದಿದ್ದೇನೆ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ.

ಅದರ ದೊಡ್ಡ ಉಪಕಾರವನ್ನು ಮೊದಲು ಹೇಳಬೇಕು. ಗುಜರಿಯವರಿಗೆ ಯಂತ್ರವೆಂದರೆ ಬರೀ ತೂಕ. ಬೀಡು ಕಬ್ಬಿಣಕ್ಕೆ ಕೆಜಿಗಿಷ್ಟು, ಮೋಟಾರಿನ ತಾಮ್ರಕ್ಕೆ ಇಷ್ಟು ಎಂದು ಲೆಕ್ಕ ಹಾಕಿ, ಸಾಗಿಸಲು ಸುಲಭವಾಗಲೆಂದು ಸುತ್ತಿಗೆಯಿಂದ ಒಡೆದೇ ಒಯ್ಯುತ್ತಾರೆ. ಇನ್ನೂ ಎರಡು ತಲೆಮಾರು ದುಡಿಯಬಲ್ಲ ಲೇತಿನ ಬೆಡ್ಡನ್ನು, ಅಂದರೆ ಉಳಿದ ಭಾಗಗಳೆಲ್ಲ ಕೂರುವ ಉದ್ದನೆಯ ತಳವನ್ನು, ಹಾಗೆ ಒಡೆಯುವುದು ನನಗೆ ಸಹಿಸದ ಸಂಗತಿ. ಈ ಆ್ಯಪ್ ನನಗೆ ಹುಡುಕಿಕೊಟ್ಟವರು ಯಂತ್ರವನ್ನು ದುಡಿಸುವ ಜನ: ಐಟಿಐ ಮುಗಿಸಿ ಸ್ವಂತ ಕೆಲಸ ಹೂಡಲು ಹೊರಟ ಹುಡುಗ, ಪಂಪ್ ರಿಪೇರಿಯ ಅಂಗಡಿಯವರು, ನಿವೃತ್ತಿಯ ನಂತರ ಮರಗೆಲಸ ಹಿಡಿದ ಬ್ಯಾಂಕ್ ನೌಕರರು.

ಮರದ ಲೇತ್ ಕೊಳ್ಳಲು ಚನ್ನಪಟ್ಟಣದಿಂದ ಬಂದಿದ್ದವರನ್ನು ಮರೆಯಲಾರೆ. ಮೋಟಾರಿನ ಹಾರ್ಸ್‌ಪವರ್ ಎಷ್ಟೆಂದು ಅವರು ಕೇಳಲೇ ಇಲ್ಲ. ಬೆಲ್ಟ್ ಕಳಚಿಸಿ, ಮರವನ್ನು ತಿರುಗಿಸುವ ದಂಡವಾದ ಸ್ಪಿಂಡಲ್ಲನ್ನು ಕೈಯಿಂದ ತಿರುಗಿಸಿ, ಬೇರಿಂಗಿನ ಬಳಿ ಕಿವಿಯಿಟ್ಟು ಕೇಳಿದರು. ಆಮೇಲೆ ತುದಿಯನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿದರು. ಅಲ್ಲಿನ ಗೊಂಬೆಗಳಿಗೆ ಬಣ್ಣ ಹಾಕುವುದೇ ಲೇತಿನ ಮೇಲೆ. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಶಾಖಕ್ಕೆ ಅರಗು ಕರಗಿ ಹತ್ತುತ್ತದೆ. ಮೇಲೆ ಒಣಗಿದ ತಾಳೆಗರಿ ಹಿಡಿದು ಹೊಳಪು ಬರಿಸುತ್ತಾರೆ. ಸ್ಪಿಂಡಲ್ ತುಸು ಅಲುಗಿದರೂ ಬಣ್ಣ ಒಂದೇ ಸಮನೆ ಕೂರುವುದಿಲ್ಲ. ಅಷ್ಟು ತಿಳಿದವರ ಕೈಗೆ ಯಂತ್ರ ಸೇರಿತೆಂಬ ಸಂತೋಷಕ್ಕೆ ಬೆಲೆಯಲ್ಲಿ ಸ್ವಲ್ಪ ಇಳಿಸಿಯೇ ಕೊಟ್ಟೆ.

ಇನ್ನು ಕೊರತೆಗಳು. ಆ್ಯಪ್‌ನಲ್ಲಿ ಯಂತ್ರಗಳಿಗೆ ಸರಿಯಾದ ವಿಭಾಗವಿಲ್ಲ. ನನ್ನ ಬೆಂಚ್ ಡ್ರಿಲ್ ಮಿಕ್ಸರ್ ಮತ್ತು ವಾಷಿಂಗ್ ಮಷಿನ್‌ಗಳ ನಡುವೆ ಕುಳಿತಿತ್ತು. ಹಾಗಾಗಿ ಎಲ್ಲ ಭಾರವೂ ಶೀರ್ಷಿಕೆಯ ಮೇಲೆ ಬೀಳುತ್ತದೆ. ‘ಒಳ್ಳೆಯ ಸ್ಥಿತಿಯಲ್ಲಿರುವ ಲೇತ್’ ಎಂದು ಬರೆದರೆ ಬರುವುದು ‘ಕೊನೆಯ ಬೆಲೆ ಎಷ್ಟು’ ಎಂಬ ಸಂದೇಶಗಳು ಮಾತ್ರ. ‘ನಾಲ್ಕೂವರೆ ಅಡಿ ಲೇತ್, ಸಿಂಗಲ್ ಫೇಸ್, ಚೇಂಜ್ ಗೇರ್ ಪೂರ್ತಿ ಇದೆ’ ಎಂದು ಬರೆದ ಮೇಲೆ ಕರೆ ಮಾಡಿದವರ ಮಾತಿನ ಧಾಟಿಯೇ ಬೇರೆಯಾಯಿತು.

ಆ ಮೂರರಲ್ಲಿ ‘ಸಿಂಗಲ್ ಫೇಸ್’ ಎಂಬುದಕ್ಕೇ ಹೆಚ್ಚು ತೂಕ. ಮನೆಗೆ ಬರುವುದು ಸಾಮಾನ್ಯವಾಗಿ 230 ವೋಲ್ಟ್ ಸಿಂಗಲ್ ಫೇಸ್. ಕಾರ್ಖಾನೆಯಿಂದ ಬಂದ ಹಳೆಯ ಯಂತ್ರಗಳಲ್ಲಿ 415 ವೋಲ್ಟಿನ ತ್ರೀ ಫೇಸ್ ಮೋಟಾರು. ಮನೆಯಲ್ಲಿ ಕೆಲಸ ಮಾಡುವ ಗಿರಾಕಿ ಅಲ್ಲೇ ಹಿಂದೆ ಸರಿಯುತ್ತಾನೆ. ಆದರೆ ಸಣ್ಣ ಮೋಟಾರಾಗಿದ್ದು, ಟರ್ಮಿನಲ್ ಪೆಟ್ಟಿಗೆಯಲ್ಲಿ ವೈಂಡಿಂಗಿನ (ತಾಮ್ರದ ಸುರುಳಿಗಳ) ಆರೂ ತುದಿಗಳು ಹೊರಗಿದ್ದು, ನೇಮ್ ಪ್ಲೇಟಿನಲ್ಲಿ ಡೆಲ್ಟಾಗೆ 230, ಸ್ಟಾರ್‌ಗೆ 415 ಎಂದಿದ್ದರೆ (ಇವು ಆ ತುದಿಗಳನ್ನು ಜೋಡಿಸುವ ಎರಡು ಬಗೆ), ಡೆಲ್ಟಾ ಜೋಡಣೆ ಮಾಡಿ ವಿಎಫ್‌ಡಿ (ಸಿಂಗಲ್ ಫೇಸನ್ನು ತ್ರೀ ಫೇಸಾಗಿಸಿ ಮೋಟಾರಿಗೆ ಕೊಡುವ ಸಾಧನ) ಮೂಲಕ ಮನೆಯ ಕರೆಂಟಿನಲ್ಲೇ ಓಡಿಸಬಹುದು. ನಾನು ಆ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗಿನ ಫೋಟೊ, ನೇಮ್ ಪ್ಲೇಟಿನ ಫೋಟೊ ಎರಡನ್ನೂ ಹಾಕುತ್ತೇನೆ. ತಿಳಿದವರು ಅದನ್ನು ನೋಡಿಯೇ ಹೊರಟು ಬರುತ್ತಾರೆ.

ಮಾರುವ ಮುನ್ನ ಬಣ್ಣ ಬಳಿಯಿರಿ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಹೊಸ ಬಣ್ಣದ ಹಳೆಯ ಲೇತ್ ಕಂಡರೆ ಅನುಭವಿ ಟರ್ನರ್ ಅದರ ಕೆಳಗೆ ಬಿರುಕನ್ನೋ ವೆಲ್ಡಿಂಗನ್ನೋ ಹುಡುಕತೊಡಗುತ್ತಾನೆ. ಸೀಮೆಎಣ್ಣೆ ಮತ್ತು ಕುಂಚದಿಂದ ಜಿಡ್ಡು ತೆಗೆದು, ಬೆಡ್ಡಿಗೆ ತೆಳುವಾಗಿ ಎಣ್ಣೆ ಸವರಿದರೆ ಸಾಕು. ಸವೆತವಿದ್ದರೆ ನೀವೇ ತೋರಿಸಿ. ಟೂಲನ್ನು ಅಡ್ಡಲಾಗಿ ಸರಿಸುವ ಕ್ರಾಸ್ ಸ್ಲೈಡಿನ ಹಿಡಿಯನ್ನು ಹಿಂದಕ್ಕೆ ತಿರುಗಿಸಿದಾಗ ಟೂಲ್ ಕದಲುವ ಮೊದಲು ಡಯಲ್‌ನಲ್ಲಿ ಎಷ್ಟು ಗೆರೆ ಸುಮ್ಮನೆ ಸರಿಯುತ್ತವೆ ಎಂಬುದನ್ನು ನಾನು ಜಾಹೀರಾತಿನಲ್ಲೇ ಬರೆಯುತ್ತೇನೆ. ಬಂದವರ ಎದುರಿಗೇ ಒಂದು 25 ಎಂಎಂ ಕಬ್ಬಿಣದ ಸರಳನ್ನು ಲೇತಿನ ಚಕ್‌ಗೆ (ಹಿಡಿದು ತಿರುಗಿಸುವ ದವಡೆಗಳಿಗೆ) ಕಚ್ಚಿಸಿ, ತೆಳುವಾಗಿ ಒಂದು ಕಟ್ ಹಾಕಿ, ಎರಡೂ ತುದಿಗಳ ದಪ್ಪ ಒಂದೇ ಇದೆಯೇ ಎಂದು ಮೈಕ್ರೋಮೀಟರಿನಲ್ಲಿ ಅಳೆಯಲು ಅವರ ಕೈಗೇ ಕೊಡುತ್ತೇನೆ. ಆ ಅಳತೆ ನೋಡಿದ ಮೇಲೆ ಚೌಕಾಶಿ ಹೆಚ್ಚು ಹೊತ್ತು ನಡೆಯುವುದಿಲ್ಲ. ಕರೆಂಟ್ ಕೊಟ್ಟು ಓಡಿಸಲಾಗದ ಜಾಗದಲ್ಲಿ ಯಂತ್ರವನ್ನು ಮಾರಲೇಬೇಡಿ. ಓಡದ ಯಂತ್ರಕ್ಕೆ ಸಿಗುವುದು ಗುಜರಿಯ ಬೆಲೆಯೇ.

ನಾಲ್ಕು ದವಡೆಯ ಚಕ್, ಸ್ಟೆಡಿ (ಉದ್ದನೆಯ ಸರಳಿಗೆ ಆಸರೆ), ಚೇಂಜ್ ಗೇರುಗಳನ್ನು ಬಿಡಿಬಿಡಿಯಾಗಿ ಮಾರಿದರೆ ಒಟ್ಟಾರೆ ಹೆಚ್ಚು ದುಡ್ಡು ಸಿಗುತ್ತದೆ, ನಿಜ. ನಾನು ಮಾತ್ರ ಹಾಗೆ ಮಾಡುವುದಿಲ್ಲ. ಗೇರು ಇಲ್ಲದ ಲೇತಿನಲ್ಲಿ ಬೇಕಾದ ಅಳತೆಯ ತ್ರೆಡ್ (ಸ್ಕ್ರೂವಿನ ಸುತ್ತು) ಕೊಯ್ಯಲಾಗದು, ಆ ಮಾದರಿಯ ಗೇರು ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಕೊಳ್ಳುವವನ ಮೇಲೆ ಆ ಹೊರೆ ಹಾಕುವುದು ನ್ಯಾಯವಲ್ಲ.

ವಂಚಕರ ಕಾಟ ಈ ಆ್ಯಪ್‌ನಲ್ಲೂ ಇದೆ. ಸೇನೆಯಲ್ಲಿದ್ದೇನೆ, ವರ್ಗಾವಣೆಯಾಗಿದೆ, ನೋಡದೆಯೇ ಕೊಳ್ಳುತ್ತೇನೆ ಎನ್ನುತ್ತಾರೆ. ಮುಂಗಡ ಕಳಿಸುತ್ತೇನೆಂದು ಕ್ಯೂಆರ್ ಕೋಡ್ ಕಳಿಸುತ್ತಾರೆ. ಹಣ ಪಡೆಯಲು ಕೋಡ್ ಸ್ಕ್ಯಾನ್ ಮಾಡಿ ಯುಪಿಐ ಪಿನ್ ಒತ್ತುವ ಅಗತ್ಯ ಎಂದಿಗೂ ಇಲ್ಲ. ಪಿನ್ ಒತ್ತಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದ. ಯಾರಾದರೂ ಮೋಸಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಲೇತನ್ನು ನೋಡದೆ, ತಿರುಗಿಸದೆ ಕೊಳ್ಳುವವನು ನಿಜವಾದ ಗಿರಾಕಿ ಆಗಿರಲಾರ. ಇದೊಂದೇ ಜರಡಿ ಸಾಕು.

ಸಾಗಣೆ ಕೊಳ್ಳುವವರದು ಎಂದು ಮೊದಲೇ ಹೇಳಿ, ಆದರೆ ಎತ್ತುವಾಗ ಪಕ್ಕದಲ್ಲಿ ನಿಂತಿರಿ. ಲೇತಿನ ಭಾರವೆಲ್ಲ ಸ್ಪಿಂಡಲ್ ಇರುವ ಹೆಡ್‌ಸ್ಟಾಕ್ ಕಡೆಗೆ. ಸ್ಪಿಂಡಲ್ಲಿಗಾಗಲಿ ಬೆಡ್ಡಿನುದ್ದಕ್ಕೂ ಇರುವ ಲೀಡ್ ಸ್ಕ್ರೂಗಾಗಲಿ ಹಗ್ಗ ಹಾಕಲು ಬಿಡಬಾರದು. ಬೆಡ್ಡಿಗೇ ಪಟ್ಟಿ ಹಾಕಿ, ಎದುರು ಕಡೆಯ ಟೇಲ್‌ಸ್ಟಾಕನ್ನು ಬೆಡ್ಡಿನ ತುದಿಗೆ ಸರಿಸಿ ತೂಕ ಸಮ ಮಾಡಬೇಕು. ಟಾಟಾ ಏಸ್‌ನಲ್ಲಿ ಒಯ್ಯುವುದಾದರೆ ಮರದ ದಿಮ್ಮಿಗಳಿಗೆ ಬೋಲ್ಟ್ ಹಾಕದೆ ಕಳಿಸಬೇಡಿ.

ಭಾರಿ ಯಂತ್ರಗಳಿಗೆ ಈ ಆ್ಯಪ್ ಹೇಳಿ ಮಾಡಿಸಿದ್ದಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿಯ ಲೇತ್, ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಲೇತ್ ನಿಮ್ಮಲ್ಲಿದ್ದರೆ ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದಲ್ಲಿ ಹಳೆಯ ಯಂತ್ರಗಳ ವ್ಯಾಪಾರ ಮಾಡುವವರನ್ನು ಕೇಳಿ. ಹರಿಹರದ ಕಾರ್ಖಾನೆ ಮುಚ್ಚಿ ವರ್ಷಗಳಾಗಿದ್ದರೂ ಆ ನೇಮ್ ಪ್ಲೇಟಿಗೆ ಇಂದಿಗೂ ಮರ್ಯಾದೆಯಿದೆ, ಆದ್ದರಿಂದ ಅದನ್ನು ಕಿತ್ತು ನೆನಪಿಗೆಂದು ಇಟ್ಟುಕೊಳ್ಳಬೇಡಿ. ದಲ್ಲಾಳಿಗೆ ಒಂದಷ್ಟು ಹೋದರೂ ಕ್ರೇನ್, ಲಾರಿಯ ಚಿಂತೆ ತಪ್ಪುತ್ತದೆ.

ಆ್ಯಪ್ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಯಂತ್ರಗಳಿಗೆ ಪ್ರತ್ಯೇಕ ವಿಭಾಗ ಮಾಡಿ, ಫೇಸ್, ತೂಕ, ಬೆಡ್ಡಿನ ಉದ್ದಕ್ಕೆ ಮೂರು ಅಂಕಣ ಸೇರಿಸಿ, ವಿಡಿಯೊ ಹಾಕಲು ಅವಕಾಶ ಕೊಡಿ. ಅಷ್ಟಾದರೆ ನಾಲ್ಕೂವರೆ ಅಂಕ ಕೊಡಲು ಸಿದ್ಧನಿದ್ದೇನೆ. ಸದ್ಯಕ್ಕೆ ಮರ ಕೊಯ್ಯುವ ನನ್ನ ಬ್ಯಾಂಡ್ ಸಾ ಅಲ್ಲಿ ಮಾರಾಟಕ್ಕಿದೆ. ಬಂದವರಿಗೆ ಓಡಿಸಿ ತೋರಿಸುತ್ತೇನೆ.