ವಿಷ ಕುಡಿದವರ ಚಿಕಿತ್ಸೆಯ ತರಬೇತಿ: ಹೋಗಬಹುದು, ಆದರೆ ಮೈಲುತುತ್ತು ಮರೆತಿದ್ದಾರೆ

ಕಾಸರಗೋಡು ಪೇಟೆಯಲ್ಲಿ ನಡೆದ ಎರಡು ದಿನದ ತರಬೇತಿಗೆ ಹೋಗಿ ಬಂದೆ. ವಿಷ ಕುಡಿದು ಬಂದವರನ್ನು, ಮಾತ್ರೆ ಜಾಸ್ತಿ ನುಂಗಿ ಬಂದವರನ್ನು ನೋಡಿಕೊಳ್ಳುವುದು ಹೇಗೆ ಅಂತ ನರ್ಸ್‌ಗಳಿಗೆ, ಹೊಸ ಡಾಕ್ಟರ್‌ಗಳಿಗೆ ಹೇಳಿಕೊಡುತ್ತಾರೆ. ನಾನು ಬದಿಯಡ್ಕ ಕಡೆಯ ಸಣ್ಣ ಆಸ್ಪತ್ರೆಯೊಂದರ ಸ್ಟಾಫ್ ನರ್ಸ್. ಫೀಸ್ 1,200, ಊಟ ಸೇರಿ.

ಮೊದಲ ದಿನ ಬೆಳಿಗ್ಗೆ ಪೂರ್ತಿ ಸ್ಲೈಡ್, ನಿದ್ದೆ ಬಂತು. ಮಧ್ಯಾಹ್ನದ ಮೇಲೆ ಕೊಟ್ಟ ದುಡ್ಡು ಸಾರ್ಥಕ ಆಯಿತು. ಗೊಂಬೆ ಮಲಗಿಸಿ, ಆರ್ಗನೋಫಾಸ್ಫೇಟ್ ಅನ್ನುವ ಕೀಟನಾಶಕ ಕುಡಿದಿದ್ದಾನೆ, ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಶುರು ಮಾಡಿ ಅಂದರು. ಈ ವಿಷಕ್ಕೆ ಕೊಡುವ ಇಂಜೆಕ್ಷನ್ ಅಟ್ರೋಪಿನ್, ಮೊದಲು 0.6 ಮಿಲಿಗ್ರಾಂನ ಆಂಪುಲ್ (ಸಣ್ಣ ಗಾಜಿನ ಸೀಸೆ) 3. ಐದು ನಿಮಿಷಕ್ಕೆ ಎದೆಯ ಗೊರಗೊರ ಕಮ್ಮಿಯಾಗದಿದ್ದರೆ 6, ಆಮೇಲೆ 12, ಆಮೇಲೆ 24. ಕಾಲು ಗಂಟೆಯಲ್ಲಿ 45 ಆಂಪುಲ್! ಒಡೆದು ಒಡೆದು ನನ್ನ ಬೆರಳು ಕುಯ್ದಿತು, ಪಕ್ಕದವಳಿಗೆ ಲೆಕ್ಕ ತಪ್ಪಿತು, ಇದು ಒಬ್ಬಳ ಕೈಯಲ್ಲಿ ಆಗುವ ಕೆಲಸವೇ ಅಲ್ಲ, ಒಬ್ಬರು ಒಡೆಯಬೇಕು, ಒಬ್ಬರು ಸಿರಿಂಜಿಗೆ ಎಳೆಯಬೇಕು, ಒಬ್ಬರು ಬರೆಯಬೇಕು ಅಂತ ಆಗ ಗೊತ್ತಾಯಿತು. ಪಾಪೆ ಅಗಲವಾಯಿತು ಅಂತ ನಿಲ್ಲಿಸಬೇಡಿ, ಎದೆಗೆ ಸ್ಟೆತ್ ಇಟ್ಟು ಕೇಳಿ ಅಂತ ಹತ್ತು ಸಲ ಹೇಳಿದರು. ಹಿಂದೆ ಕೆಲಸ ಮಾಡಿದ ಕಡೆ ನಾವು ಪಾಪೆಯನ್ನೇ ನೋಡುತ್ತಿದ್ದೆವು. ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಪ್ಯಾರಸಿಟಮಾಲ್ ಜಾಸ್ತಿ ನುಂಗಿದವರ ಪಾಠವೂ ಚೆನ್ನಾಗಿತ್ತು. ನುಂಗಿದ ಮೊದಲ ದಿನ ಆರಾಮಾಗಿ ಮಾತಾಡುವವರಿಗೂ ಒಳಗೆ ಲಿವರ್ ಹಾಳಾಗುತ್ತಿರಬಹುದು, ಅದಕ್ಕೆ ಕೊಡುವ ಪ್ರತಿವಿಷ ಅಸಿಟೈಲ್‌ಸಿಸ್ಟೀನ್ 8 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ಹಾವು ಕಡಿತ ಸುಮ್ನೆ ಓಡಿಸಿಬಿಟ್ಟರು.

ಈಗ ನನ್ನ ತಕರಾರು. ಪಾಠ, ಹಾಳೆ ಎಲ್ಲ ಮಲಯಾಳ, ಇಂಗ್ಲಿಷ್. ನಮ್ಮಲ್ಲಿಗೆ ಬರುವವರು ಕನ್ನಡ, ತುಳು ಆಡುವವರು. ಹೆಂಡತಿ ಅಳುತ್ತಾ "ಮದ್ದು ಕುಡಿದ್ರು" ಅಂತಾಳೆ. ಯಾವ ಮದ್ದು? ಡಾಕ್ಟರ್ ಕೊಟ್ಟದ್ದೂ ಮದ್ದೇ, ಅಡಿಕೆಗೆ ಬಿಡುವುದೂ ಮದ್ದೇ, ಹುಲ್ಲು ಸಾಯಿಸುವುದೂ ಮದ್ದೇ ಅಲ್ವಾ! ಇದನ್ನು ಬಿಡಿಸಿ ಕೇಳುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ಅರ್ಧ ಗಂಟೆ ಮಾತಾಡಿದರು, ನಮ್ಮ ಜಿಲ್ಲೆಯಲ್ಲಿ ಬೇಕಾದ್ದೇ, ಆದರೆ ಅದನ್ನು ಸುಪ್ರೀಂ ಕೋರ್ಟ್ 2011ರಲ್ಲೇ ನಿಲ್ಲಿಸಿದೆ. ಅಡಿಕೆ ಕೊಳೆಯುವ ಮಹಾಳಿ ರೋಗಕ್ಕೆ ಅಂತ ಅಡಿಕೆ ತೋಟದವರ ಮನೆಗಳಲ್ಲಿ ಇವತ್ತಿಗೂ ಇರುವ ಮೈಲುತುತ್ತಿಗೆ (ಕಾಪರ್ ಸಲ್ಫೇಟ್) ಒಂದು ಸ್ಲೈಡೂ ಇಲ್ಲ. ನೀಲಿ-ಹಸಿರು ವಾಂತಿ ನೋಡಿ ಗಾಬರಿಯಾದವರಿಗೆ ಮಾತ್ರ ಆ ಕಷ್ಟ ಗೊತ್ತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ವಾಪಸ್ ಬಂದು ನಮ್ಮ ಕಪಾಟಿನ ಅಟ್ರೋಪಿನ್ ಎಣಿಸಿದೆ, 18 ಇತ್ತು. ಇನ್ನೂ ಬೇಕು ಅಂತ ಇಂಡೆಂಟ್ ಬರೆದು ಕೊಟ್ಟಿದ್ದೇನೆ.