ಆಸ್ಪತ್ರೆಗೆ ಸೇರುವ ಮೊದಲೇ ಕೊಳ್ಳಬೇಕಾದ ಸೀಟು

ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆಸಿಕೊಳ್ಳಬೇಕಾಗಿ ಬಂದ ಸೈಕಲ್ ಸವಾರರಿಗೆ ನಾನು ಒತ್ತಿ ಹೇಳಬಯಸುವುದು ಇಷ್ಟೆ: ಮೂಗಿಲ್ಲದ, ಅಂದರೆ ಮುಂದಕ್ಕೆ ಚಾಚಿದ ಚೂಪು ಭಾಗವಿಲ್ಲದ, ಸೈಕಲ್ ಸೀಟನ್ನು ಕೊಳ್ಳುವ ಯೋಚನೆಯಿದ್ದರೆ ಶಸ್ತ್ರಚಿಕಿತ್ಸೆಗೆ ಮೊದಲೇ ಕೊಂಡು, ಅದರ ಮೇಲೆ ಕುಳಿತು ರೂಢಿ ಮಾಡಿಕೊಳ್ಳಿ. ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಸೀತಾಂಗೋಳಿಯ ಮೂಲಕ ಬದಿಯಡ್ಕದ ಕಡೆಗೆ ಏರಿಳಿಯುವ ರಸ್ತೆಯಲ್ಲಿ ಈ ಸೀಟನ್ನು ನಾನು ಶಸ್ತ್ರಚಿಕಿತ್ಸೆಯ ಮುಂಚೆಯೂ ಬಳಸಿದ್ದೇನೆ, ಚೇತರಿಸಿಕೊಂಡ ಮೇಲೆಯೂ ಬಳಸುತ್ತಿದ್ದೇನೆ. ಹಲವು ತಯಾರಕರು ಇಂತಹ ಸೀಟುಗಳನ್ನು ಮಾಡುವುದರಿಂದ ಇಲ್ಲಿ ಯಾವುದೋ ಒಂದು ಕಂಪನಿಯ ಗುಣದೋಷಕ್ಕಿಂತ ಈ ಬಗೆಯ ಸೀಟಿನ ಗುಣದೋಷವನ್ನೇ ಬರೆಯುತ್ತಿದ್ದೇನೆ.

ಸಾಮಾನ್ಯ ಸೀಟಿನ ಚೂಪಾದ ಮುಂಭಾಗವು ವೃಷಣ ಮತ್ತು ಗುದದ್ವಾರದ ನಡುವಿನ ಮೆತ್ತನೆಯ ಜಾಗವನ್ನು ಒತ್ತುತ್ತದೆ. ಅಲ್ಲಿ ಹಾದುಹೋಗುವ ನರ ಮತ್ತು ರಕ್ತನಾಳಗಳ ಮೇಲೆ ಭಾರ ಬೀಳುವುದರಿಂದಲೇ ದೂರದ ಸವಾರಿಯಲ್ಲಿ ಜೋಮು ಹಿಡಿಯುವುದು. ಮೂಗಿಲ್ಲದ ಸೀಟಿನಲ್ಲಿ ಆ ಭಾಗವೇ ಇರುವುದಿಲ್ಲ. ನಡುವೆ ತೆರವಿರುವ ಎರಡು ಗಿಡ್ಡ ಕವಲುಗಳು ಮಾತ್ರ ಇದ್ದು, ದೇಹದ ಭಾರವನ್ನೆಲ್ಲ ನಾವು ಕುಳಿತಾಗ ನೆಲಕ್ಕೆ ತಾಗುವ ಎರಡು ಮೂಳೆಗಳೇ ಹೊರುತ್ತವೆ. ಅಮೆರಿಕದಲ್ಲಿ ಸೈಕಲ್ ಮೇಲೆ ಗಸ್ತು ತಿರುಗುವ ಪೊಲೀಸರಿಗೆ ಆರು ತಿಂಗಳು ಇಂತಹ ಸೀಟು ಕೊಟ್ಟು ನಡೆಸಿದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೋಮು ಹಿಡಿಯಲಿಲ್ಲ ಎಂದವರ ಪ್ರಮಾಣ ಶೇ. 27ರಿಂದ ಶೇ. 82ಕ್ಕೆ ಏರಿತ್ತು. ನಮ್ಮಂಥವರಿಗೆ ಇನ್ನೂ ಒಂದು ಕಾರಣವಿದೆ. ಇಡೀ ಗ್ರಂಥಿಯನ್ನು ತೆಗೆದಾಗ ಮೂತ್ರಕೋಶವನ್ನು ಮೂತ್ರನಾಳಕ್ಕೆ ಮತ್ತೆ ಹೊಲಿದು ಸೇರಿಸುತ್ತಾರೆ. ಆ ಹೊಲಿಗೆ ಇರುವುದು ಸೀಟಿನ ಮೂಗು ಒತ್ತುವ ಜಾಗಕ್ಕೆ ತೀರ ಸಮೀಪದಲ್ಲಿ.

ಸೀಟನ್ನು ಹೊಂದಿಸುವುದೇ ದೊಡ್ಡ ಕೆಲಸ. ಮೊದಲು ಮೂಳೆಗಳ ಅಂತರ ತಿಳಿಯಬೇಕು. ಪೆಟ್ಟಿಗೆಯ ಸುಕ್ಕುರಟ್ಟಿನ ತುಂಡನ್ನು ಗಟ್ಟಿಯಾದ ಸ್ಟೂಲಿನ ಮೇಲಿಟ್ಟು, ಮುಂದಕ್ಕೆ ಬಾಗಿ ಕುಳಿತು ಎದ್ದರೆ ಎರಡು ಗುಳಿಗಳು ಮೂಡುತ್ತವೆ. ಅವುಗಳ ನಡುಮಧ್ಯದ ಅಂತರವನ್ನು ಅಳೆದು ಸೀಟಿನ ಅಗಲವನ್ನು ಆರಿಸಬಹುದು. ಸೀಟು ಗಿಡ್ಡವಾದ್ದರಿಂದ ಅದನ್ನು ಹಳೆಯದಕ್ಕಿಂತ ಹಿಂದಕ್ಕೆ ಸರಿಸಿ, ಮುಂಭಾಗವನ್ನು ತುಸುವೇ ಕೆಳಕ್ಕೆ ಬಾಗಿಸಬೇಕಾಗುತ್ತದೆ. ಕಾಸರಗೋಡಿನಲ್ಲಿ ನನ್ನ ಸೈಕಲನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಇಂತಹ ಸೀಟನ್ನು ಹಿಂದೆ ಜೋಡಿಸಿದವರಲ್ಲ, ಆದರೂ ನನ್ನನ್ನು ಹತ್ತಿಸಿ ಇಳಿಸಿ, "ಮಾಷ್ಟ್ರೇ, ಇನ್ನೂ ಒಂದು ನೂಲು ಹಿಂದೆ ತಳ್ಳುವಾ" ಎನ್ನುತ್ತ ಬಹಳ ತಾಳ್ಮೆಯಿಂದ ಸರಿಪಡಿಸಿಕೊಟ್ಟರು. ಇಷ್ಟಾದ ಮೇಲೂ ಮೊದಲ ಕೆಲವು ವಾರ ಕುಳಿತುಕೊಳ್ಳುವ ಮೂಳೆಗಳು ನೋಯುತ್ತವೆ. ಈ ನೋವು, ಈ ಹೊಂದಾಣಿಕೆ ಎಲ್ಲವನ್ನೂ ಆರೋಗ್ಯವಂತ ದೇಹದಲ್ಲಿ ಮುಗಿಸಿಬಿಡಬೇಕು. ಗಾಯ ಮಾಯುತ್ತಿರುವಾಗ ಯಾವ ನೋವು ಸೀಟಿನದು, ಯಾವುದು ಶಸ್ತ್ರಚಿಕಿತ್ಸೆಯದು ಎಂದು ಗುರುತಿಸುವುದು ಕಷ್ಟ.

ಶ್ರೋಣಿಯ ತಳದ, ಅಂದರೆ ಮೂತ್ರಕೋಶವನ್ನು ಕೆಳಗಿನಿಂದ ಹೊತ್ತಿರುವ, ಸ್ನಾಯುಗಳ ವಿಷಯವೂ ಹೀಗೆಯೇ. ಮೂತ್ರವನ್ನು ತಡೆದು ಹಿಡಿಯುವ ಕೆಲಸ ಶಸ್ತ್ರಚಿಕಿತ್ಸೆಯ ನಂತರ ಬಹುಮಟ್ಟಿಗೆ ಈ ಸ್ನಾಯುಗಳ ಮೇಲೆ ಬೀಳುತ್ತದೆ. ಅರ್ನಾಲ್ಡ್ ಕೀಗಲ್ ಎಂಬ ಅಮೆರಿಕದ ವೈದ್ಯರು 1948ರಲ್ಲಿ ಹೆರಿಗೆಯಾದ ಮಹಿಳೆಯರಿಗಾಗಿ ಪ್ರಕಟಿಸಿದ ವ್ಯಾಯಾಮವನ್ನೇ ಇಂದು ಪುರುಷರಿಗೂ ಕಲಿಸುತ್ತಾರೆ. ಹೊಟ್ಟೆಯನ್ನಾಗಲಿ ಪೃಷ್ಠವನ್ನಾಗಲಿ ಬಿಗಿಯದೆ, ಉಸಿರು ಕಟ್ಟದೆ, ಒಳಗಿನ ಸ್ನಾಯುವನ್ನು ಮಾತ್ರ ಮೇಲಕ್ಕೆಳೆದು ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲಿಸಬೇಕು. ಫಿಸಿಯೋಥೆರಪಿಸ್ಟ್ ಒಬ್ಬರಿಂದ ಮುಂಚಿತವಾಗಿ ಕಲಿತಿದ್ದರೆ ಯಾವ ಸ್ನಾಯು ಎಂಬ ಗೊಂದಲ ಆಮೇಲೆ ಇರುವುದಿಲ್ಲ. ಮೂತ್ರ ಹೊರಹೋಗಲು ಹಾಕಿದ ಕ್ಯಾಥೆಟರ್ ಕೊಳವೆ ಇರುವಷ್ಟು ದಿನ, ಸಾಮಾನ್ಯವಾಗಿ ಒಂದೆರಡು ವಾರ, ಇದನ್ನು ಮಾಡಬಾರದೆಂದು ಹೇಳುತ್ತಾರೆ.

ಸೀಟಿಗೆ ಮರಳುವ ದಿನವನ್ನು ಶಸ್ತ್ರಚಿಕಿತ್ಸಕರೇ ಗೊತ್ತುಮಾಡಬೇಕು. ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ ಕಾಯಿಸುತ್ತಾರೆ, ಅಲ್ಲಿಯವರೆಗೆ ನಡಿಗೆಯೇ ವ್ಯಾಯಾಮ. ಮೊದಲ ಸವಾರಿ ಚಿಕ್ಕದಾಗಿರಲಿ, ಸಮತಟ್ಟಾದ ರಸ್ತೆಯಲ್ಲಿರಲಿ, ಹಂಪು ಬಂದಲ್ಲಿ ಪೆಡಲಿನ ಮೇಲೆ ಎದ್ದು ನಿಲ್ಲಿ. ಮೂತ್ರದಲ್ಲಿ ರಕ್ತ ಕಂಡರೆ ಸವಾರಿಯನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಲೇಬೇಕು. ಈ ಹಂತದಲ್ಲಿ ಸೀಟು ನನ್ನ ನಿರೀಕ್ಷೆಗಿಂತ ಹೆಚ್ಚೇ ನೆರವಾಯಿತು ಎಂದು ಸಂತೋಷದಿಂದ ಬರೆಯುತ್ತೇನೆ. ಮೂತ್ರ ಸೋರುವಿಕೆಗೆಂದು ಪ್ಯಾಡ್ ಧರಿಸಿ ಸೈಕಲ್ ಚಡ್ಡಿ ತೊಟ್ಟಾಗ, ಸಾಮಾನ್ಯ ಸೀಟಿನಲ್ಲಿ ಮೂಗಿನ ಮೇಲೆ ಮುದ್ದೆಯಾಗಿ ಒತ್ತುವ ಆ ಪ್ಯಾಡಿಗೆ ಇಲ್ಲಿ ನಡುವಿನ ತೆರವಿನಲ್ಲಿ ಜಾಗ ಸಿಗುತ್ತದೆ. ಸೋರುವ ಭಯದಿಂದ ನೀರು ಕುಡಿಯುವುದನ್ನು ಮಾತ್ರ ಕಡಿಮೆ ಮಾಡಬಾರದು.

ಕೊರತೆಗಳೂ ಸಣ್ಣವಲ್ಲ. ಇಳಿಜಾರಿನ ತಿರುವಿನಲ್ಲಿ ತೊಡೆಗಳಿಂದ ಸೀಟಿನ ಮೂಗನ್ನು ಒತ್ತಿ ಸೈಕಲನ್ನು ಬಾಗಿಸುವ ಅಭ್ಯಾಸ ನಮಗೆಲ್ಲ ಇರುತ್ತದೆ. ಸೀತಾಂಗೋಳಿಯ ಗುಡ್ಡದಿಂದ ಕುಂಬಳೆಗೆ ಇಳಿಯುವಾಗ ಆ ಆಧಾರ ತಪ್ಪಿ ಹೋಗುತ್ತದೆ. ವೇಗವನ್ನು ತಗ್ಗಿಸದೆ ಬೇರೆ ದಾರಿಯಿಲ್ಲ. ಮೈ ಮುಂದಕ್ಕೆ ಜಾರುವುದರಿಂದ ಅಂಗೈಗಳ ಮೇಲೆ ಭಾರ ಹೆಚ್ಚುತ್ತದೆ, ಹ್ಯಾಂಡಲನ್ನು ಎತ್ತರಿಸಿದ ಮೇಲಷ್ಟೇ ನನಗೆ ಅದು ಸಹನೀಯವಾಯಿತು. ಕವಲುಗಳು ಅಗಲವಾಗಿದ್ದರೆ ಒಳತೊಡೆ ಉಜ್ಜಿ ಕೆಂಪಾಗುತ್ತದೆ. ನಮ್ಮ ಜಿಲ್ಲೆಯ ಮಳೆಗಾಲದಲ್ಲಿ ಹೊದಿಕೆಯ ಹೊಲಿಗೆಯ ಮೂಲಕ ಸ್ಪಂಜು ನೀರು ಹೀರುತ್ತದೆ, ಹೊರಗೆ ಒಣಗಿದಂತೆ ಕಂಡರೂ ಕುಳಿತೊಡನೆ ಬಟ್ಟೆ ಒದ್ದೆಯಾಗುತ್ತದೆ. ಆಗಲೇ ಸೋರುವಿಕೆಯ ಸಂಕೋಚದಲ್ಲಿರುವವರಿಗೆ ಇದು ಬಹಳ ಕಿರಿಕಿರಿ. ಆದ್ದರಿಂದ ಹೊಲಿಗೆಯಿಲ್ಲದ ಹೊದಿಕೆಯಿರುವುದನ್ನೇ ಆರಿಸಿರಿ.

ಬೆಲೆ ಸಾಮಾನ್ಯ ಸೀಟಿನ ಹಲವು ಪಟ್ಟು. ನಮ್ಮ ಕಡೆಯ ಅಂಗಡಿಗಳಲ್ಲಿ ಕುಳಿತು ನೋಡಿ ಕೊಳ್ಳುವ ಅನುಕೂಲ ನನಗೆ ಸಿಗಲಿಲ್ಲ, ಆನ್‌ಲೈನ್‌ನಲ್ಲೇ ತರಿಸಬೇಕಾಯಿತು. ಬಳಸಿ ನೋಡಿದ ಸೀಟನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ, ಎಷ್ಟು ದಿನದೊಳಗೆ ಎಂಬುದನ್ನು ಹಣ ಕಟ್ಟುವ ಮೊದಲೇ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ.