ಎಂಎಲ್‌ಎ, ಎಪಿಎ, ಶಿಕಾಗೋ: ಕನ್ನಡ ಸಂಪ್ರಬಂಧದ ಗ್ರಂಥಋಣಕ್ಕೆ ಯಾವುದು ಒಗ್ಗುತ್ತದೆ?

ಸಂಪ್ರಬಂಧ ಪೂರ್ತಿ ಬರೆದು, ಸಲ್ಲಿಸುವ ಹಿಂದಿನ ರಾತ್ರಿ ಗ್ರಂಥಋಣಕ್ಕೆ, ಅಂದರೆ ಬಳಸಿದ ಆಕರಗಳ ಪಟ್ಟಿಗೆ, ಕೂರುವವರೇ ಜಾಸ್ತಿ. ಸೀನಿಯರ್ ಒಬ್ಬರ ಹಳೆಯ ಪ್ರಬಂಧ ಪಕ್ಕದಲ್ಲಿಟ್ಟುಕೊಂಡು ಅದರಂತೆಯೇ ಪಟ್ಟಿ ತಯಾರಾಗುತ್ತದೆ. ಒಂದು ಕಡೆ ವರ್ಷ ಲೇಖಕರ ಹೆಸರಿನ ಪಕ್ಕದಲ್ಲಿ, ಇನ್ನೊಂದು ಕಡೆ ಸಾಲಿನ ಕೊನೆಯಲ್ಲಿ. ಪತ್ರಿಕೆಯ ಲೇಖನಕ್ಕೆ ದಿನಾಂಕವೇ ಇಲ್ಲ. ವೆಬ್‌ಸೈಟ್ ಅಂದರೆ ಉದ್ದದ ಒಂದು ಲಿಂಕ್, ಅಷ್ಟೇ. ಗೈಡ್ ಕೇಳಿದರೆ 'ಯಾವುದಾದರೂ ಒಂದು ಪದ್ಧತಿ ಅನುಸರಿಸಿ' ಎನ್ನುತ್ತಾರೆ. ಯಾವುದು ಎಂದು ಹೇಳುವವರು ಕಡಿಮೆ.

ಹಾಗಾಗಿ ನಾನು ಕನ್ನಡ ವಿದ್ಯಾರ್ಥಿಗಳು ನಿಜವಾಗಿಯೂ ಬಳಸುವ ಆಕರಗಳನ್ನೇ ತೆಗೆದುಕೊಂಡು, ಆಕರ ಬರೆಯಲು ಹೆಚ್ಚು ಬಳಕೆಯಲ್ಲಿರುವ ಎಂಎಲ್‌ಎ, ಎಪಿಎ, ಶಿಕಾಗೋ ಎಂಬ ಮೂರು ಪದ್ಧತಿಗಳಲ್ಲೂ ಬರೆದು ನೋಡಿದೆ. ಕಾದಂಬರಿ, ಅದರ ಅನುವಾದ, ವಚನ, ಶಾಸನ, ಪತ್ರಿಕೆಯ ಲೇಖನ, ಯೂಟ್ಯೂಬ್ ಉಪನ್ಯಾಸ, ಕ್ಷೇತ್ರಕಾರ್ಯದಲ್ಲಿ ಕೇಳಿದ ಹಾಡು. ಎಂಎಲ್‌ಎಯಲ್ಲಿ 2021ರ ಒಂಬತ್ತನೇ ಆವೃತ್ತಿ, ಎಪಿಎಯಲ್ಲಿ ಏಳನೆಯದು, ಶಿಕಾಗೋದಲ್ಲಿ ಅಡಿಟಿಪ್ಪಣಿ ಹಾಕುವ ಕ್ರಮ. ಅಳತೆಗೋಲು ಒಂದೇ ಇಟ್ಟುಕೊಂಡಿದ್ದೆ: ನನ್ನ ಪಟ್ಟಿ ಹಿಡಿದುಕೊಂಡು ಲೈಬ್ರರಿಗೆ ಹೋದವರಿಗೆ ನಾನು ಓದಿದ ಆ ಸಾಲು ಸಿಗಬೇಕು.

ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಸಾಹಿತ್ಯಕ್ಕೂ ಜಾನಪದಕ್ಕೂ ಎಂಎಲ್‌ಎ. ಶಾಸನ, ಇತಿಹಾಸಕ್ಕೆ ಶಿಕಾಗೋ. ಎಪಿಎ ಸಮಾಜಶಾಸ್ತ್ರ, ಶಿಕ್ಷಣ, ಮನಶ್ಶಾಸ್ತ್ರದವರಿಗೆ ಸರಿ. ಕನ್ನಡ ವಿಭಾಗದವರು ವಿಶ್ವವಿದ್ಯಾಲಯ ಕಡ್ಡಾಯ ಮಾಡಿದರೆ ಮಾತ್ರ ಅದಕ್ಕೆ ಹೋಗಿ.

ಕಾರಣ ಶುರುವಾಗುವುದೇ ಹೆಸರಿನಿಂದ. ಮೂರೂ ಪದ್ಧತಿಗಳು ಮನೆತನದ ಹೆಸರನ್ನು ಮುಂದೆ ತರುತ್ತವೆ. ಬೇಂದ್ರೆ, ಕಾರಂತ, ಕಂಬಾರ ಎಂದರೆ ತೊಂದರೆಯಿಲ್ಲ. ಆದರೆ ನಮ್ಮಲ್ಲಿ ಅರ್ಧಕ್ಕರ್ಧ ಜನಕ್ಕೆ ಮನೆತನದ ಹೆಸರೇ ಇಲ್ಲ, ಇನಿಷಿಯಲ್ ಇರುತ್ತದೆ. 'ಭೈರಪ್ಪ, ಎಸ್. ಎಲ್.' ಎಂದು ಬರೆದರೆ ಓದುಗರಿಗೆ ಗೊತ್ತಾಗುತ್ತದೆ, ನಮ್ಮ ಲೈಬ್ರರಿ ಕ್ಯಾಟಲಾಗಿನ ರೂಢಿಯೂ ಅದೇ. ಕಷ್ಟ ಬರುವುದು ಎಪಿಎಯಲ್ಲಿ. ಅದು ಉಳಿದ ಹೆಸರನ್ನೆಲ್ಲ ಇನಿಷಿಯಲ್ ಮಾಡಿ ಕತ್ತರಿಸುತ್ತದೆ. ಚಂದ್ರಶೇಖರ ಕಂಬಾರರು 'ಕಂಬಾರ, ಚ.' ಆಗುತ್ತಾರೆ. 'ಚ.' ಸರಿಯೋ 'ಚಂ.' ಸರಿಯೋ ಎಂದು ಕೇಳಿದರೆ ಎಪಿಎ ಕೈಪಿಡಿಯಲ್ಲಿ ಉತ್ತರವಿಲ್ಲ.

ಅನುಪಮಾ ನಿರಂಜನರ ವಿಷಯದಲ್ಲಂತೂ ಅನ್ಯಾಯವೇ ಆಗುತ್ತದೆ. ಎಪಿಎಯಲ್ಲಿ ಅವರು 'ನಿರಂಜನ, ಅ.' ಆಗುತ್ತಾರೆ. ಪಟ್ಟಿಯಲ್ಲಿ ಅವರ ಮೇಲೆಯೇ 'ನಿರಂಜನ' ಎಂಬ ಇನ್ನೊಬ್ಬ ಕಾದಂಬರಿಕಾರರಿರುತ್ತಾರೆ, ಅವರ ಪತಿ. ಅದೂ ಅವರ ಕಾವ್ಯನಾಮ, ಮನೆತನದ ಹೆಸರಲ್ಲ. ಪ್ರಬಂಧದೊಳಗೆ '(ಅ. ನಿರಂಜನ, ವರ್ಷ)' ಎಂದು ಇನಿಷಿಯಲ್ ಸೇರಿಸಿ ಇಬ್ಬರನ್ನೂ ಬೇರೆ ಮಾಡಿ ಎನ್ನುತ್ತದೆ ಎಪಿಎ, ಆದರೆ ಯಾರ ಪುಸ್ತಕ ಎಂದು ಓದುಗರು ಆ ಒಂದಕ್ಷರ ನೋಡಿ ಊಹಿಸಬೇಕು. ಒಬ್ಬ ಲೇಖಕಿಯ ಹೆಸರು ಪಟ್ಟಿಯಲ್ಲಿ ಹೀಗೆ ಕರಗಿಹೋಗುವುದನ್ನು ನಾನು ಒಪ್ಪುವುದಿಲ್ಲ. ಎಂಎಲ್‌ಎಯಲ್ಲಿ, ಶಿಕಾಗೋದಲ್ಲಿ ಹೆಸರು ಪೂರ್ತಿ ಉಳಿಯುತ್ತದೆ. 'ಅನುಪಮಾ ನಿರಂಜನ' ಎಂದೇ ಬರೆದು ಅಕಾರದಲ್ಲಿ ಸೇರಿಸಿ. ಕುವೆಂಪು, ವೈದೇಹಿ, ತ್ರಿವೇಣಿ ಥರದ ಕಾವ್ಯನಾಮಗಳನ್ನೂ ಪುಸ್ತಕದ ಮುಖಪುಟದಲ್ಲಿ ಇದ್ದಂತೆಯೇ ಬಿಡಿ. ಕುವೆಂಪು ಅವರನ್ನು 'ಪುಟ್ಟಪ್ಪ, ಕೆ. ವಿ.' ಎಂದು ಹುಡುಕುವವರು ಯಾರೂ ಇಲ್ಲ.

ಇನ್ನು ಪುಸ್ತಕ. 'ಸಂಸ್ಕಾರ' ಕಾದಂಬರಿಯ ಇಂಗ್ಲಿಷ್ ಅನುವಾದವನ್ನು ಮೂರರಲ್ಲೂ ಹೀಗೆ ಬರೆಯುತ್ತೇವೆ.

ಎಂಎಲ್‌ಎ: ಅನಂತಮೂರ್ತಿ, ಯು. ಆರ್. ಸಂಸ್ಕಾರ. ಅನುವಾದ ಎ. ಕೆ. ರಾಮಾನುಜನ್, ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್, 1976.

ಎಪಿಎ: ಅನಂತಮೂರ್ತಿ, ಯು. ಆರ್. (1976). ಸಂಸ್ಕಾರ (ಎ. ಕೆ. ರಾಮಾನುಜನ್, ಅನು.). ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್. (ಮೂಲ ಪ್ರಕಟಣೆ 1965)

ಶಿಕಾಗೋ ಅಡಿಟಿಪ್ಪಣಿ: ಯು. ಆರ್. ಅನಂತಮೂರ್ತಿ, ಸಂಸ್ಕಾರ, ಅನು. ಎ. ಕೆ. ರಾಮಾನುಜನ್ (ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್, 1976), ಕೊನೆಗೆ ಪುಟ.

ಇಲ್ಲಿ ಎಪಿಎಗೆ ಒಂದು ಅಂಕ ಜಾಸ್ತಿ ಕೊಡಬೇಕು. ಮೂಲ 1965ರದ್ದು ಎಂದು ಅದು ಕಡ್ಡಾಯವಾಗಿ ಹೇಳಿಸುತ್ತದೆ, ಪ್ರಬಂಧದೊಳಗೂ '1965/1976' ಎಂದು ಎರಡೂ ವರ್ಷ ಬರುತ್ತವೆ. ಎಂಎಲ್‌ಎಯಲ್ಲಿ ಮೂಲ ವರ್ಷ ಬೇಕಾದರೆ ಸೇರಿಸಬಹುದು, ಕಡ್ಡಾಯವಿಲ್ಲ. ಕನ್ನಡ ಪುಸ್ತಕಗಳಿಗೆ ನಾನು ಸೇರಿಸಿಯೇ ಸೇರಿಸುತ್ತೇನೆ. ನಮ್ಮಲ್ಲಿ ಒಂದೇ ಕಾದಂಬರಿ ಹತ್ತಾರು ಸಲ ಮರುಮುದ್ರಣ ಆಗುತ್ತದೆ, ಪ್ರಕಾಶಕರೂ ಬದಲಾಗುತ್ತಾರೆ, ಪುಟ ಸಂಖ್ಯೆಯೂ ಬದಲಾಗುತ್ತದೆ. ಒಳಪುಟದಲ್ಲಿ 'ಮುದ್ರಣ' ಎಂದಿದೆಯೋ 'ಆವೃತ್ತಿ' ಎಂದಿದೆಯೋ ನೋಡಿ. ಪಠ್ಯ ತಿದ್ದಿದ್ದರೆ ಅದು ಆವೃತ್ತಿ. ಹಾಗೇ ಅಚ್ಚು ಹಾಕಿದ್ದರೆ ಮುದ್ರಣ. ನಿಮ್ಮ ಕೈಯಲ್ಲಿದ್ದದ್ದು ಯಾವುದೋ ಅದರ ವರ್ಷ ಕೊಡಿ, ಮೊದಲ ಮುದ್ರಣದ ವರ್ಷವನ್ನು ಬೇರೆಯಾಗಿ ಹೇಳಿ. ಪ್ರಕಟಣೆಯ ಊರು ಬೇಕೇ ಎಂದು ಕೇಳುವವರಿಗೆ: ಎಪಿಎ ಬೇಡ ಎನ್ನುತ್ತದೆ, ಎಂಎಲ್‌ಎಯೂ 1900ಕ್ಕಿಂತ ಹಳೆಯ ಪುಸ್ತಕ ಬಿಟ್ಟರೆ ಸಾಮಾನ್ಯವಾಗಿ ಕೇಳುವುದಿಲ್ಲ, ಶಿಕಾಗೋ ಕೂಡ 2024ರ ಹದಿನೆಂಟನೇ ಆವೃತ್ತಿಯಲ್ಲಿ ಬಿಟ್ಟಿತು. ಆದರೂ ಸಣ್ಣ ಊರಿನ, ಈಗ ಮುಚ್ಚಿಹೋದ ಪ್ರಕಾಶನವಾದರೆ ಊರಿನ ಹೆಸರು ಹಾಕಿ. ಆ ಪುಸ್ತಕ ಹುಡುಕಲು ಅದೊಂದೇ ಸುಳಿವು ಇರಬಹುದು.

ವಚನಕ್ಕೆ ಬಂದರೆ ಎಪಿಎ ಪೂರ್ತಿ ಸೋಲುತ್ತದೆ. 'ಬಸವಣ್ಣ (1993) ಹೇಳುವಂತೆ' ಎಂದು ಬರೆದ ಪ್ರಬಂಧಗಳನ್ನು ನೋಡಿದ್ದೇನೆ. ಹನ್ನೆರಡನೇ ಶತಮಾನದ ಬಸವಣ್ಣನವರಿಗೆ 1993 ಅಂಟಿಕೊಂಡಿದ್ದು ಸಮಗ್ರ ವಚನ ಸಂಪುಟ ಪ್ರಕಟವಾದ ವರ್ಷದಿಂದ. ಎಪಿಎಯಲ್ಲಿ ಮೂಲ ಕಾಲವನ್ನೂ ಸೇರಿಸುವ ದಾರಿಯಿದೆ, ಆದರೆ ವರ್ಷವನ್ನೇ ಹೆಸರಿಗೆ ಕಟ್ಟುವ ಪದ್ಧತಿಯಲ್ಲಿ ಈ ಗೊಂದಲ ತಪ್ಪುವುದಿಲ್ಲ. ಎಂಎಲ್‌ಎಯಲ್ಲಿ ಒಂದು ಕೃತಿ ಇನ್ನೊಂದರ ಒಳಗೆ ಇದೆ ಎಂದು ತೋರಿಸುವ ಏರ್ಪಾಡು ಇದೆ. ಮೊದಲು ವಚನಕಾರರ ಹೆಸರು, ಆಮೇಲೆ ಸಮಗ್ರ ವಚನ ಸಂಪುಟ, ಸಂಪಾದಕ ಎಂ. ಎಂ. ಕಲಬುರ್ಗಿ, ಸಂಪುಟ 1, ಕನ್ನಡ ಮತ್ತು ಸಂಸ್ಕೃತಿ ಇಲಾಖೆ, 1993. ಪ್ರಬಂಧದೊಳಗೆ ಪುಟದ ಬದಲು ವಚನದ ಸಂಖ್ಯೆ ಕೊಡಿ. ಪಂಪನಿಗೆ ಆಶ್ವಾಸ ಮತ್ತು ಪದ್ಯ, ಕುಮಾರವ್ಯಾಸನಿಗೆ ಪರ್ವ, ಸಂಧಿ, ಪದ್ಯ. ಈ ಕಾವ್ಯಗಳಲ್ಲಿ ಯಾವ ಪ್ರಕಾಶನದ ಪುಸ್ತಕ ಹಿಡಿದರೂ ಓದುಗರು ಹೆಚ್ಚು ಕಡಿಮೆ ಆ ಪದ್ಯಕ್ಕೇ ಬಂದು ನಿಲ್ಲುತ್ತಾರೆ. ಇದು ನಮ್ಮ ಹಿರಿಯ ವಿದ್ವಾಂಸರು ಮೊದಲಿನಿಂದ ಮಾಡಿಕೊಂಡು ಬಂದದ್ದೇ.

ಶಾಸನಕ್ಕೆ ಮಾತ್ರ ಎಂಎಲ್‌ಎ ಇಕ್ಕಟ್ಟು. ತಾಳಗುಂದದ ಸ್ತಂಭ ಶಾಸನವನ್ನೇ ತೆಗೆದುಕೊಳ್ಳಿ. ಬಿ. ಎಲ್. ರೈಸ್ ಅವರ ಶಾಸನ ಸಂಕಲನ ಎಪಿಗ್ರಾಫಿಯಾ ಕರ್ನಾಟಿಕಾದ (ಎ.ಕ.) 7ನೇ ಸಂಪುಟದಲ್ಲಿ (1902) ಅದು ಶಿಕಾರಿಪುರ 176, ಅಂದರೆ ಆ ತಾಲ್ಲೂಕಿನ 176ನೇ ಶಾಸನ. ಅದೇ ಶಾಸನವನ್ನು ಕೀಲ್‌ಹಾರ್ನ್ ಎಪಿಗ್ರಾಫಿಯಾ ಇಂಡಿಕಾದ 8ನೇ ಸಂಪುಟದಲ್ಲಿ ಸಂಪಾದಿಸಿದ್ದಾರೆ. ಮೈಸೂರು ವಿಶ್ವವಿದ್ಯಾಲಯ 1972ರಿಂದ ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಸಂಪುಟಗಳನ್ನು ತಂದಿತು, ಅವುಗಳಲ್ಲಿ ಸಂಪುಟದ ಹಂಚಿಕೆಯೂ ಶಾಸನದ ಸಂಖ್ಯೆಯೂ ಬೇರೆ. ಸುಮ್ನೆ 'ಎ.ಕ. 7' ಎಂದು ಬಿಟ್ಟರೆ ಓದುಗರು ಹಳೆಯದನ್ನು ತೆಗೆಯಬೇಕೋ ಹೊಸದನ್ನೋ? ರೈಸ್ ಸಂಪುಟಗಳಲ್ಲಿ ಪೀಠಿಕೆ, ಪಾಠ, ಅನುವಾದ ಬೇರೆ ಬೇರೆ ಭಾಗಗಳಲ್ಲಿರುತ್ತವೆ. ಬರೀ ಪುಟ ಸಂಖ್ಯೆ ಕೊಟ್ಟರೂ ಸಾಲದು.

ಇಷ್ಟೆಲ್ಲ ವಿವರ ಎಂಎಲ್‌ಎ, ಎಪಿಎಯಲ್ಲಿ ವಾಕ್ಯದ ನಡುವೆ ಹಾಕುವ ಆವರಣದೊಳಗೆ ಹಿಡಿಸುವುದಿಲ್ಲ. ಅಡಿಟಿಪ್ಪಣಿಯಲ್ಲಿ ಆರಾಮಾಗಿ ಹಿಡಿಸುತ್ತದೆ: 'ಎ.ಕ. 7 (ಹಳೆಯ ಆವೃತ್ತಿ, 1902), ಶಿಕಾರಿಪುರ 176. ಎಪಿಗ್ರಾಫಿಯಾ ಇಂಡಿಕಾ 8ರಲ್ಲಿಯೂ ಇದೆ. ಇಲ್ಲಿ ಎರಡನೆಯ ಪಾಠವನ್ನು ಅನುಸರಿಸಿದೆ.' ಆ ಕೊನೆಯ ವಾಕ್ಯ ಬಹಳ ಮುಖ್ಯ. ಎರಡು ಪಾಠಗಳಲ್ಲಿ ಒಂದಕ್ಷರ ವ್ಯತ್ಯಾಸವಿದ್ದರೆ ನಿಮ್ಮ ವಾದವೇ ಅದರ ಮೇಲೆ ನಿಂತಿರಬಹುದು. ಶಿಕಾಗೋ ಇಂಥ ಟಿಪ್ಪಣಿಗೆ ಜಾಗ ಕೊಡುತ್ತದೆ, ಉಳಿದೆರಡು ಅದನ್ನು ಅಪವಾದ ಎಂಬಂತೆ ನೋಡುತ್ತವೆ.

ಅಡಿಟಿಪ್ಪಣಿ ನಮಗೆ ಹೊಸದಲ್ಲ, ಅಲ್ವಾ? ಹಳೆಯ ಕನ್ನಡ ಮಹಾಪ್ರಬಂಧಗಳೆಲ್ಲ ಹಾಗೇ ಇವೆ. ಆದರೆ ಅವುಗಳ 'ಅದೇ', 'ಪೂರ್ವೋಕ್ತ' ಎರಡನ್ನೂ ಬಿಡಿ. ಕಂಪ್ಯೂಟರಿನಲ್ಲಿ ಬರೆಯುವಾಗ ಪ್ಯಾರಾಗಳು ಮೇಲೆ ಕೆಳಗೆ ಓಡಾಡುತ್ತವೆ. ಒಂದು ಪ್ಯಾರಾ ಸರಿಸಿದರೆ ಸಾಕು, 'ಅದೇ, ಪು. 32' ಬೇರೆ ಯಾವುದೋ ಪುಸ್ತಕವನ್ನು ತೋರಿಸುತ್ತದೆ. ಶಿಕಾಗೋ 2017ರ ಆವೃತ್ತಿಯಿಂದ ಇದರ ಬದಲು ಚಿಕ್ಕ ರೂಪ ಬಳಸಿ ಎನ್ನುತ್ತಿದೆ: ಲೇಖಕರ ಹೆಸರು, ಕೃತಿ, ಪುಟ. ಎಲ್ಲಿಗೆ ಸರಿಸಿದರೂ ತಪ್ಪಾಗುವುದಿಲ್ಲ.

ಪತ್ರಿಕೆಯ ಲೇಖನಕ್ಕೆ ಮೂರೂ ಹೆಚ್ಚು ಕಡಿಮೆ ಒಂದೇ. ಲೇಖಕರು, ಶೀರ್ಷಿಕೆ, ಪತ್ರಿಕೆ, ದಿನಾಂಕ. ಒಂದು ಮಾತು ಮಾತ್ರ: ನಮ್ಮ ದಿನಪತ್ರಿಕೆಗಳಿಗೆ ಊರೂರಿಗೆ ಬೇರೆ ಆವೃತ್ತಿ ಇರುತ್ತದೆ. ಯಾವ ಊರಿನ ಆವೃತ್ತಿ ಎಂದು ಬರೆಯದೆ ಪುಟ ಸಂಖ್ಯೆ ಕೊಟ್ಟು ಪ್ರಯೋಜನವಿಲ್ಲ. ಪುರವಣಿಯಾದರೆ ಪುರವಣಿಯ ಹೆಸರೂ ಬೇಕು.

ಯೂಟ್ಯೂಬ್ ಉಪನ್ಯಾಸದಲ್ಲಿ ಎಪಿಎ ಚಾನೆಲ್ ನಡೆಸುವವರನ್ನು ಲೇಖಕರ ಜಾಗದಲ್ಲಿ ಕೂರಿಸುತ್ತದೆ. ಮಾತಾಡಿದ ವಿದ್ವಾಂಸರು ಎಲ್ಲೋ ಹಿಂದೆ ಹೋಗುತ್ತಾರೆ. ಎಂಎಲ್‌ಎಯಲ್ಲಿ ಮಾತಾಡಿದವರನ್ನೇ ಮುಂದೆ ಇಡಬಹುದು, ಅಪ್‌ಲೋಡ್ ಮಾಡಿದವರು ಆಮೇಲೆ. ಯಾವ ಪದ್ಧತಿಯಾದರೂ ಎಷ್ಟನೇ ನಿಮಿಷದಲ್ಲಿ ಆ ಮಾತು ಬಂತು ಎಂದು ಬರೆಯಿರಿ. ಒಂದೂವರೆ ಗಂಟೆಯ ಭಾಷಣವನ್ನು ಪರೀಕ್ಷಕರು ಪೂರ್ತಿ ಕೇಳಲಿ ಎನ್ನುವುದು ನ್ಯಾಯವಲ್ಲ.

ವೆಬ್ ಪುಟಗಳಿಗೆ ನೋಡಿದ ದಿನಾಂಕವನ್ನು ಯಾವ ಪದ್ಧತಿಯೂ ಎಲ್ಲ ಕಡೆ ಕಡ್ಡಾಯ ಮಾಡಿಲ್ಲ. ನಾನು ಎಲ್ಲ ಕಡೆಯೂ ಹಾಕುತ್ತೇನೆ, ಕನ್ನಡದ ಜಾಲತಾಣಗಳು ಹೇಳದೆ ಕೇಳದೆ ಮುಚ್ಚುತ್ತವೆ. ಓದಿದ ದಿನವೇ ಪುಟವನ್ನು, ವೆಬ್ ಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮಷೀನ್ ಎಂಬ ತಾಣದಲ್ಲಿ ಉಳಿಸಿ ಆ ಲಿಂಕನ್ನೂ ಕೊಡಿ. ವಿಕಿಪೀಡಿಯ ಬಳಸಿದ್ದರೆ ಎಪಿಎ ಹೇಳುವ ದಾರಿ ಒಳ್ಳೆಯದು: ನೀವು ಓದಿದ ಹಳೆಯ ಆವೃತ್ತಿಯ ಕೊಂಡಿಯನ್ನೇ ಕೊಡುವುದು. ಅದು ಪುಟದ ಇತಿಹಾಸದಲ್ಲಿ ಸಿಗುತ್ತದೆ.

ಕ್ಷೇತ್ರಕಾರ್ಯದ ಹಾಡು, ಕಥೆಗಳ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ಖಾಸಗಿಯಾಗಿ ಕೇಳಿದ ಮಾತನ್ನು ಪ್ರಬಂಧದೊಳಗೆ ಹೇಳಿ ಸಾಕು, ಪಟ್ಟಿಗೆ ಸೇರಿಸಬೇಡಿ ಎನ್ನುತ್ತದೆ ಎಪಿಎ. ಓದುಗರಿಗೆ ಅದು ಸಿಗುವುದಿಲ್ಲ ಎಂಬುದು ಅದರ ತರ್ಕ. ಶಿಕಾಗೋ ಸಾಮಾನ್ಯವಾಗಿ ಅಡಿಟಿಪ್ಪಣಿಯಲ್ಲೇ ಮುಗಿಸುತ್ತದೆ. ಎಂಎಲ್‌ಎ ಪಟ್ಟಿಯಲ್ಲಿ ಜಾಗ ಕೊಡುತ್ತದೆ. ರಾತ್ರಿಯಿಡೀ ಕೂತು ಹಾಡಿದ ಅಜ್ಜಿಯ ಹೆಸರು, ಆ ಹಾಡಿನ ಬಗ್ಗೆ ಪುಸ್ತಕ ಬರೆದವರ ಹೆಸರಿನ ಜೊತೆಗೇ ಬರಬೇಕು. ನಮ್ಮ ಜಾನಪದ ಪ್ರಬಂಧಗಳಲ್ಲಿ 'ವಕ್ತೃಗಳು' ಎಂದು ಬೇರೆ ಪಟ್ಟಿ ಕೊಡುವ ರೂಢಿಯಿದೆ: ಹೆಸರು, ಊರು, ವಯಸ್ಸು, ಕೇಳಿದ ದಿನ. ಎಂಎಲ್‌ಎ ಜೊತೆಗೆ ಅದನ್ನೂ ಉಳಿಸಿಕೊಳ್ಳಿ, ಹೆಸರು ಹಾಕುವ ಮುನ್ನ ಅವರ ಒಪ್ಪಿಗೆ ಕೇಳಿ.

ಚಾಟ್‌ಜಿಪಿಟಿ ಥರದ ತಂತ್ರಾಂಶ ಕೊಡುವ ಪುಸ್ತಕಗಳ ಪಟ್ಟಿಯನ್ನು ಮಾತ್ರ ನೇರವಾಗಿ ಸೇರಿಸಲೇಬೇಡಿ. ಇಲ್ಲದ ಪುಸ್ತಕಕ್ಕೆ ಇರುವ ಲೇಖಕರ ಹೆಸರು ಹಾಕಿ, ಮೂರೂ ಪದ್ಧತಿಗಳಲ್ಲಿ ತಪ್ಪಿಲ್ಲದೆ ಬರೆದುಕೊಡುತ್ತದೆ. ಯುಜಿಸಿಯ 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಶೇ. 10ಕ್ಕಿಂತ ಹೆಚ್ಚು, ಶೇ. 40ರವರೆಗೆ ಹೋಲಿಕೆ ಕಂಡರೆ ಪ್ರಬಂಧವನ್ನು ತಿದ್ದಿ ಮತ್ತೆ ಒಪ್ಪಿಸಬೇಕಾಗುತ್ತದೆ, ಗ್ರಂಥಋಣದ ಪಟ್ಟಿಯನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ ಸುಳ್ಳು ಪಟ್ಟಿಯನ್ನು ಯಂತ್ರ ಹಿಡಿಯುವುದಿಲ್ಲ, ಓದಿದ ಪರೀಕ್ಷಕರು ಹಿಡಿಯುತ್ತಾರೆ.

ಕೈಯಲ್ಲಿ ಬರೆಯುವುದೋ, ಆಕರಗಳ ಪಟ್ಟಿ ಜೋಡಿಸಿಕೊಡುವ ಜೊಟೆರೊ ತಂತ್ರಾಂಶ ಬಳಸುವುದೋ? ಐವತ್ತಕ್ಕಿಂತ ಜಾಸ್ತಿ ಆಕರಗಳಿದ್ದರೆ ಜೊಟೆರೊ. ಅದು ಉಚಿತ, ಪದ್ಧತಿ ಬದಲಿಸಿದರೆ ಪಟ್ಟಿ ಪೂರ್ತಿ ತಾನೇ ಬದಲಾಗುತ್ತದೆ. ಹೆಸರಿಗೆ ಅದರಲ್ಲಿ ಎರಡು ಖಾನೆ ಇರುತ್ತವೆ, ಪಕ್ಕದ ಗುಂಡಿ ಒತ್ತಿದರೆ ಒಂದೇ ಖಾನೆ ಆಗುತ್ತದೆ. ಅನುಪಮಾ ನಿರಂಜನ, ಕುವೆಂಪು ಎಲ್ಲರನ್ನೂ ಆ ಒಂದೇ ಖಾನೆಯಲ್ಲಿ ಹಾಕಿ. ಎಪಿಎ ಆಯ್ಕೆ ಮಾಡಿದರೂ ಹೆಸರು ಕತ್ತರಿಸುವುದಿಲ್ಲ. ಇಂಗ್ಲಿಷ್ ವ್ಯವಸ್ಥೆಯಲ್ಲಿ ಬರುವ ಸಂಪಾದಕ, ಅನುವಾದಕ ಎಂಬುದರ ಇಂಗ್ಲಿಷ್ ಗುರುತುಗಳನ್ನು ಕೊನೆಗೆ ಕೈಯಲ್ಲೇ 'ಸಂ.', 'ಅನು.' ಎಂದು ತಿದ್ದಬೇಕು.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಪಟ್ಟಿಯನ್ನು ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ. ಆ ಫಾಂಟುಗಳಲ್ಲಿ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ವರ್ಡ್‌ನಲ್ಲಿ ಅಕಾರಾದಿ ಮಾಡಿದರೆ ಅನುಕ್ರಮ ದಿಕ್ಕಾಪಾಲಾಗುತ್ತದೆ. ಯೂನಿಕೋಡಿಗೆ ಬಂದ ಮೇಲೆ ಕನ್ನಡ ಪುಸ್ತಕಗಳದ್ದೊಂದು, ಇಂಗ್ಲಿಷಿನದ್ದೊಂದು ಎಂದು ಎರಡು ಪಟ್ಟಿ ಮಾಡಿ ಬೇರೆ ಬೇರೆ ಜೋಡಿಸಿ.